ಎಂಟು ಸ್ಕ್ಯಾನರಿಗೆ ಒಂದೇ ಅಪ್ಪಣೆ

ಸಂಜೆ ನಾಲ್ಕಕ್ಕೆ ವ್ಯಾನು ಬರುತ್ತದೆ ಎಂದು ಆಸ್ಪತ್ರೆಯ ಗುಮಾಸ್ತ ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. "ಗೊತ್ತಾಯ್ತು ಸ್ವಾಮಿ, ನಮಗೂ ಕಿವಿ ನೆಟ್ಟಗಿದೆ" ಎಂದುಬಿಟ್ಟೆ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ತೋಳು ಚಿವುಟಿದಳು. ಅಪ್ಪಣೆ ಕೊಟ್ಟವರ ಹತ್ತಿರ ಅಧಿಕಪ್ರಸಂಗ ಮಾಡಬೇಡ ಎಂದು ಅದರ ಅರ್ಥ. ಬೆಳಿಗ್ಗೆ ಹತ್ತು ಹೊಡೆದಿರಲಿಲ್ಲ, ಆಗಲೇ ನನಗೊಂದು ಚಿವುಟು ಬಿದ್ದಾಗಿತ್ತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಈ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದು, ಊರಿನ ಅರ್ಧ ಜನರನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡವಳು. ಹುಟ್ಟಿದ ಮಗುವಿನ ಬಲಗಾಲಿಗೆ ಶಾಯಿ ಹಚ್ಚಿ ರಿಜಿಸ್ಟರಿನ ಹಾಳೆಗೆ ಒತ್ತುವುದು, ಪಕ್ಕದಲ್ಲಿ ತಾಯಿಯ ಹೆಸರು, ಹೊತ್ತು, ತೂಕ ಬರೆಯುವುದು ಆಗಿನ ಪದ್ಧತಿ. ಮಕ್ಕಳು ಅದಲುಬದಲಾಗಬಾರದಲ್ಲ, ಅದಕ್ಕೆ. ಈಗ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗಿದೆ. ಹಳೆಯ ಇಪ್ಪತ್ತೆರಡು ರಿಜಿಸ್ಟರುಗಳನ್ನು ಇಟ್ಟುಕೊಳ್ಳಬೇಕಾದ ಅವಧಿ ಮುಗಿದಿದೆ, ಇವತ್ತು ಸಂಜೆ ಅವು ಕಾಗದದ ಕಾರ್ಖಾನೆಗೆ ಹೋಗಿ ಹಿಟ್ಟಾಗುತ್ತವೆ. ದೊಡ್ಡಮ್ಮ ಆರು ತಿಂಗಳು ಅರ್ಜಿಯ ಮೇಲೆ ಅರ್ಜಿ ಬರೆದು ಒಂದೇ ಒಂದು ದಿನದ ಅಪ್ಪಣೆ ಗಿಟ್ಟಿಸಿದ್ದಳು. ಪುಸ್ತಕಗಳು ಕೋಣೆಯಿಂದ ಆಚೆ ಹೋಗುವಂತಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯುವಂತಿಲ್ಲ, ಸ್ಕ್ಯಾನರಿನಲ್ಲಿ ಮಾತ್ರ ನಕಲು. ಹೀಗಾಗಿ ಎಲ್ಲರ ಮೊಬೈಲುಗಳೂ ಗೇಟಿನ ಹತ್ತಿರ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿದ್ದಿದ್ದವು.

"ನೀನು ಅಪ್ಪಣೆ ತಗೊಂಡು ಬಾ ದೊಡ್ಡಮ್ಮ, ಉಳಿದಿದ್ದು ನಂಗೆ ಬಿಡು" ಎಂದು ಎದೆ ತಟ್ಟಿಕೊಂಡವಳು ನಾನು. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಶಾಲೆಯಿಂದ ಎಂಟು ಹಳೆಯ ಕಂಪ್ಯೂಟರು ಎರವಲು ತಂದಿದ್ದೆ. ಅವೆಲ್ಲ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಓಡುವಂಥವು. ಲಿನಕ್ಸ್ ಎಂಥ ಮುದಿ ಯಂತ್ರವನ್ನೂ ಎಬ್ಬಿಸಿ ಓಡಿಸುತ್ತದೆ, ಆದರೆ ಶಿಸ್ತಿನಲ್ಲಿ ಹಾಸ್ಟೆಲ್ ವಾರ್ಡನ್ನು: ಯಾರು ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂಬುದಕ್ಕೆಲ್ಲ ಅಪ್ಪಣೆ ಬೇಕು. ಇನ್ನು ಸ್ಕ್ಯಾನರುಗಳು, ಮನೆ ಮನೆಯ ಅಟ್ಟದಿಂದ ಇಳಿಸಿದವು. ಎಂಟೂ ಬೇರೆ ಬೇರೆ ಕಂಪನಿಯವು, ಎಂಟಕ್ಕೂ ಅಜ್ಜನ ವಯಸ್ಸು. ಎಲ್ಲವನ್ನೂ ಅಂಗಡಿಯಲ್ಲಿ ಒಂದು ವಾರ ಕೂತು ಒರೆಸಿ, ಓಡಿಸಿ, ಎಂಟೂ ಸರಿಯಿವೆ ಎಂದು ನೋಡಿಕೊಂಡಿದ್ದೆ.

ಬಾಣಂತಿಯರ ಹಳೆಯ ವಾರ್ಡಿನಲ್ಲಿ ಎಂಟು ಮೇಜು ಹಾಕಿದೆವು. ಸಹಾಯಕ್ಕೆ ಬಂದ ಎಂಟು ಜನರಲ್ಲಿ ಇಬ್ಬರ ವಿಷಯ ಹೇಳಲೇಬೇಕು. ಒಂದನೆಯ ಮೇಜಿನಲ್ಲಿ ನಿವೃತ್ತ ಪೋಸ್ಟ್ ಮಾಸ್ಟರು. ಅವರು ಬಾಯಿ ಸುಮ್ಮನಿಟ್ಟುಕೊಂಡದ್ದನ್ನು ಕಂಡವರಿಲ್ಲ. ಎಂಟನೆಯ ಮೇಜಿನಲ್ಲಿ ಟೈಲರಕ್ಕ. ಅವರು ಬಾಯಿ ಬಿಟ್ಟದ್ದನ್ನು ಕಂಡವರು ಕಡಿಮೆ.

ಆದರೆ ನನ್ನ ಹತ್ತಿರ ಅವರು ಒಮ್ಮೆ ಬಾಯಿ ಬಿಟ್ಟಿದ್ದರು. ನನ್ನ ಅಂಗಡಿಯ ಪರದೆಗೆ ಅಳತೆ ತೆಗೆಯುತ್ತಾ, ಟೇಪನ್ನು ಕೈಯಲ್ಲಿ ಸುತ್ತುತ್ತಾ ಹೇಳಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಅವರ ಚೊಚ್ಚಲ ಹೆರಿಗೆ ಇಲ್ಲೇ ಆಯಿತು. ಹೆಣ್ಣು ಮಗು. ಆರು ಗಂಟೆ ಬದುಕಿತು. ನೋಡಿದರೆ ಮರೆಯುವುದು ಕಷ್ಟ ಎಂದು ಮನೆಯ ಹಿರಿಯರು ತಾಯಿಗೆ ತೋರಿಸದೆಯೇ ತೆಗೆದುಕೊಂಡು ಹೋದರಂತೆ. "ನೋಡ್ಲೂ ಇಲ್ಲ, ಮರೀಲೂ ಇಲ್ಲ" ಎಂದಿದ್ದರು ಟೈಲರಕ್ಕ. ಫೋಟೋ ಇಲ್ಲ, ಹೆಸರಿಟ್ಟಿರಲಿಲ್ಲ. ಅಂಥದೊಂದು ಮಗು ಈ ಭೂಮಿಯ ಮೇಲೆ ಇತ್ತು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಆ ರಿಜಿಸ್ಟರಿನಲ್ಲಿ ಒತ್ತಿದ ಕಾಲು. ಅದರ ನಕಲು ಕೊಡಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಈ ಇಡೀ ಗದ್ದಲ ದೊಡ್ಡಮ್ಮನಿಗೆ ಊರಿನ ಸಲುವಾಗಿ, ನನಗೆ ಆ ಒಂದು ಕಾಲಿನ ಸಲುವಾಗಿ.

ಮೊದಲು ಅದನ್ನೇ ಮಾಡಿ ಮುಗಿಸಬಾರದೇ ಎಂದರೆ, ಗ್ರಹಚಾರಕ್ಕೆ ಆ ವರ್ಷದ ಪುಸ್ತಕವೇ ನೀರು ಕುಡಿದಿತ್ತು. ಸೂರು ಸೋರಿ, ಹಾಳೆಗೆ ಹಾಳೆ ಅಂಟಿ, ಇಟ್ಟಿಗೆಯಾಗಿ ಕೂತಿತ್ತು. ದೊಡ್ಡಮ್ಮ ಕಿಟಕಿಯ ಪಕ್ಕ ಕುಳಿತು, ತೆಳ್ಳನೆಯ ಚಾಕು ಹಿಡಿದು ಒಂದೊಂದೇ ಹಾಳೆ ಬಿಡಿಸತೊಡಗಿದ್ದಳು. ಅವಸರ ಮಾಡಿದರೆ ಹರಿಯುತ್ತದೆ. ಟೈಲರಕ್ಕನ ಹೆರಿಗೆ ವರ್ಷದ ಕೊನೆಯ ತಿಂಗಳಲ್ಲಿ ಆದದ್ದು, ಹಾಳೆಯೂ ಕೊನೆಯಲ್ಲೇ.

"ನನ್ನ ಸರದಿ ಬಂದಾಗ ಬರ್ಲಿ" ಎಂದು ಟೈಲರಕ್ಕ ಬೇರೆ ವರ್ಷದ ಪುಸ್ತಕ ತೆಗೆದುಕೊಂಡು ಕುಳಿತರು.

ಲೆಕ್ಕ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಇಪ್ಪತ್ತೆರಡು ಪುಸ್ತಕ, ಪುಸ್ತಕಕ್ಕೆ ನೂರು ಸಲ ತೆರೆದು ಕವುಚಿ ಹಾಕಬೇಕು, ಒಟ್ಟು ಎರಡು ಸಾವಿರದ ಇನ್ನೂರು. ಒಂದಕ್ಕೆ ಒಂದು ನಿಮಿಷ, ಎಂಟು ಸ್ಕ್ಯಾನರು. ಸುಮಾರು ನಾಲ್ಕೂವರೆ ಗಂಟೆಯ ಕೆಲಸ, ಕೈಯಲ್ಲಿ ಆರು ಗಂಟೆ ಇದೆ. ಮಧ್ಯೆ ಚಹಾ ಕುಡಿದು ಹರಟೆಯನ್ನೂ ಹೊಡೆಯಬಹುದು ಎಂದುಕೊಂಡಿದ್ದೆ.

"ಏನಮ್ಮಾ, ಸ್ಕ್ಯಾನರೇ ಇಲ್ಲ ಅಂತಿದೆಯಲ್ಲ ನಿನ್ನ ಕಂಪ್ಯೂಟ್ರು" ಎಂದರು ಪೋಸ್ಟ್ ಮಾಸ್ಟರು.

"ಇದೆಯಲ್ಲ ಸಾರ್. ನಿಮ್ಮ ಮೊಣಕೈ ಹತ್ರಾನೇ ಇದೆ."

"ನಂಗೆ ಕಾಣ್ತಿದೆ ಕಣಮ್ಮ. ಅದಕ್ಕೆ ಕಾಣ್ತಿಲ್ಲ."

ಎರಡನೆಯ ಮೇಜಿನಿಂದಲೂ ಅದೇ ಮಾತು. ಮೂರು, ನಾಲ್ಕು, ಐದು... ಎಂಟಕ್ಕೆ ಎಂಟೂ ಸ್ಕ್ಯಾನರಿಲ್ಲ ಎಂದು ರಾಗ ಎಳೆದವು. ನಾನು ಒಂದನೆಯ ಮೇಜಿಗೆ ಬಂದು ಅಡ್ಮಿನ್ ಪಾಸ್‌ವರ್ಡ್ ಹಾಕಿ ಕೇಳಿದೆ. ಆಗ ನೋಡಿ, ಸ್ಕ್ಯಾನರು ಕಂಪನಿಯ ಹೆಸರು ಸಮೇತ ಹಾಜರ್! ಪಾಸ್‌ವರ್ಡ್ ಇಲ್ಲದೆ ಪೋಸ್ಟ್ ಮಾಸ್ಟರ ಖಾತೆಯಿಂದ ಕೇಳಿದರೆ ನಾಪತ್ತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ.

ನನ್ನ ಕಿವಿ ಬಿಸಿಯಾಯಿತು. ಒಂದು ವಾರ ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡಿದ್ದೆನಲ್ಲ, ಅಷ್ಟನ್ನೂ ಅಡ್ಮಿನ್ ಖಾತೆಯಲ್ಲೇ ಮಾಡಿದ್ದೆ! ರಿಪೇರಿಯವಳು ಹದಿಮೂರು ವರ್ಷದಿಂದ ಯಜಮಾನಿಯ ಕುರ್ಚಿ ಬಿಟ್ಟು ಬೇರೆ ಕಡೆ ಕೂತವಳಲ್ಲ. ಯಜಮಾನಿಗೆ ಮನೆಯ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಬಂದ ನೆಂಟರಿಗೆ ಮುಚ್ಚಿದೆಯೋ ಇಲ್ಲವೋ ಎಂದು ಒಮ್ಮೆಯಾದರೂ ಆಚೆ ನಿಂತು ತಳ್ಳಿ ನೋಡಬೇಕಿತ್ತು, ನೋಡಿರಲಿಲ್ಲ. ಈಚಿನ ಸ್ಕ್ಯಾನರುಗಳ ಹೆಸರು ಲಿನಕ್ಸಿನ ಪಟ್ಟಿಯಲ್ಲಿ ಇರುತ್ತದೆ, ಚುಚ್ಚಿದ ಕೂಡಲೇ ಎದುರು ಕೂತವರಿಗೆ ಬಿಟ್ಟುಕೊಡುತ್ತದೆ. ನನ್ನ ಈ ಎಂಟು ಅಜ್ಜಂದಿರು ಪಟ್ಟಿಯಲ್ಲಿ ಇರಲಿಲ್ಲ.

"ಹಾಗಾದ್ರೆ ಎಲ್ಲರಿಗೂ ಪಾಸ್‌ವರ್ಡ್ ಹೇಳ್ಬಿಡು" ಎಂದರು ಪೋಸ್ಟ್ ಮಾಸ್ಟರು.

ಅದಾಗುವ ಮಾತಲ್ಲ. ಕಂಪ್ಯೂಟರು ಎರವಲು ಕೊಟ್ಟ ಶಾಲೆಯ ಮೇಷ್ಟ್ರು, ಅಡ್ಮಿನ್ ಖಾತೆಯಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರನ್ನು ಕೂರಿಸುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಅಲ್ಲದೆ ಪೋಸ್ಟ್ ಮಾಸ್ಟರು ಕಂಡ ಗುಂಡಿಯನ್ನೆಲ್ಲ ಒತ್ತುವವರು.

ಕಾಲಿಗೆ ಚಕ್ರ ಕಟ್ಟಿಕೊಂಡೆ. ಮೇಜಿನಿಂದ ಮೇಜಿಗೆ ಓಡಿ, ಪಾಸ್‌ವರ್ಡ್ ಹಾಕಿ, ಅಲ್ಲಲ್ಲಿಯ ಸ್ಕ್ಯಾನರನ್ನು ಕೈಯಾರೆ ತೆರೆದುಕೊಟ್ಟೆ. ಹತ್ತು ನಲವತ್ತಕ್ಕೆ ಎಂಟೂ ಗೊರಗೊರ ಎಂದು ಶುರುವಾದವು. ಅಬ್ಬಾ, ಆ ಸದ್ದು! ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಚಹಾಕ್ಕೆ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಮೇಜಿನವರು, "ಹೋಯ್ತು" ಎಂದರು.

ಆ ಮೇಜಿನ ಸ್ಕ್ಯಾನರಜ್ಜ ನಿದ್ದೆ ಹೋಗಿ ಎದ್ದಿದ್ದ. ಎದ್ದವನಿಗೆ ಹೊಸ ನಂಬರು. ಆಸ್ಪತ್ರೆಯಲ್ಲಿ ಟೋಕನ್ ಕೊಡುತ್ತಾರಲ್ಲ, ಹಾಗೆ ಕಂಪ್ಯೂಟರು ಪ್ರತಿ ಸಲ ವೈರು ಚುಚ್ಚಿದಾಗಲೂ, ಸ್ಕ್ಯಾನರು ಮಲಗಿ ಎದ್ದಾಗಲೂ ಅದಕ್ಕೊಂದು ಹೊಸ ಟೋಕನ್ ಕೊಡುತ್ತದೆ. ನಾನು ಅಪ್ಪಣೆ ಬರೆದದ್ದು ಹಳೆಯ ಟೋಕನ್ನಿಗೆ. ಮೂರನೆಯದನ್ನು ಸರಿಮಾಡುವಷ್ಟರಲ್ಲಿ ಆರನೆಯದು ಮಲಗಿತು. ಆರನೆಯದನ್ನು ಎಬ್ಬಿಸಿದರೆ ಪೋಸ್ಟ್ ಮಾಸ್ಟರು ಕಾಲು ಚಾಚಿ ವೈರು ಕಿತ್ತಿದ್ದರು. ಓಡಿದೆ, ಓಡಿದೆ, ಓಡಿದೆ. ಹನ್ನೊಂದೂವರೆಗೆ ನನ್ನ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು.

"ಯಾಕೇ ಹಂಗೆ ಕಾಲು ಸುಟ್ಟ ಬೆಕ್ಕಿನ ಥರ ಓಡ್ತಿದೀಯಾ?" ಎಂದಳು ದೊಡ್ಡಮ್ಮ, ಚಾಕುವಿನಿಂದ ಕಣ್ಣೆತ್ತದೆ.

ಟೋಕನ್ನಿನ ಕಥೆ ಹೇಳಿದೆ.

"ಅಲ್ವೇ, ನಾವೇನು ಮಕ್ಕಳನ್ನ ತೊಟ್ಟಿಲಿನ ನಂಬರ್ ನೋಡಿ ಗುರುತು ಹಿಡೀತಿದ್ವಾ? ತೊಟ್ಟಿಲು ಇವತ್ತು ಇಲ್ಲಿರುತ್ತೆ, ನಾಳೆ ಅಲ್ಲಿರುತ್ತೆ. ಕಾಲಿನ ಅಚ್ಚು ಇಟ್ಟಿದ್ದು ಯಾಕೆ ಮತ್ತೆ?"

"ಅದು ನಂಗೂ ಗೊತ್ತು ದೊಡ್ಡಮ್ಮ."

"ಗೊತ್ತಿದ್ರೆ ಮಾಡು. ಗೊತ್ತಿರೋದನ್ನ ಉಪ್ಪಿನಕಾಯಿ ಹಾಕ್ತೀಯಾ?"

ಮಾತು ನಾಟಿತು. ನಿಜವಾಗಿ ನನಗೆ ಗೊತ್ತಿದ್ದದ್ದೇ. ಪ್ರತಿ ಸ್ಕ್ಯಾನರಿಗೂ ಹುಟ್ಟಿನಿಂದ ಬಂದ ಎರಡು ಸಂಖ್ಯೆಗಳಿರುತ್ತವೆ, ಒಂದು ಮಾಡಿದ ಕಂಪನಿಯದು, ಇನ್ನೊಂದು ಮಾದರಿಯದು. ಸಾವಿರ ಸಲ ಕಿತ್ತು ಚುಚ್ಚಿದರೂ ಅವು ಬದಲಾಗುವುದಿಲ್ಲ. ಆ ಎರಡು ಸಂಖ್ಯೆ ಬರೆದು, "ಇಂಥದು ಯಾವಾಗ ಬಂದರೂ ಎದುರು ಕೂತವರಿಗೆ ಬಿಟ್ಟುಕೊಡು" ಎಂದು ಒಂದು ಸಾಲಿನ ನಿಯಮ ಹಾಕಿದರೆ ಮುಗಿಯಿತು, ಲಿನಕ್ಸ್ ತಾನೇ ನೋಡಿಕೊಳ್ಳುತ್ತದೆ. ಎಂಟು ಬಗೆಯ ಎಂಟು ಸ್ಕ್ಯಾನರು, ಎಂಟು ಸಲ ಕೈಯಲ್ಲಿ ಬರೆದರೆ ಎಲ್ಲೋ ಒಂದು ಅಂಕಿ ತಪ್ಪುತ್ತದೆ. ಅದಕ್ಕೆ ಕುಳಿತು, ಕಂಪ್ಯೂಟರಿಗೆ ಸಾಲು ಸಾಲಾಗಿ ಆದೇಶ ಕೊಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದು ತಾನೇ ಸ್ಕ್ಯಾನರನ್ನು ಹುಡುಕಿ, ತಾನೇ ಅದರ ಎರಡು ಸಂಖ್ಯೆ ಕೇಳಿಕೊಂಡು, ತಾನೇ ನಿಯಮ ಬರೆದು ಸರಿಯಾದ ಕಡೆ ಇಡಬೇಕು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋಗಿ ಓಡಿಸಿದರೆ ಸಾಕು.

ನಿಯಮಗಳ ಕಡತಕ್ಕೆ ಹೆಸರಿನ ಮುಂದೆ ಒಂದು ಅಂಕಿ ಇಡಬೇಕು. ಲಿನಕ್ಸ್ ಅವನ್ನು ಆ ಅಂಕಿಯ ಸರದಿಯಲ್ಲಿ ಓದುತ್ತದೆ. ನಾನು ಎರಡನೆಯ ಯೋಚನೆ ಮಾಡದೆ ತೊಂಬತ್ತೊಂಬತ್ತು ಎಂದು ಹಾಕಿದೆ. ಯಾರು ಏನೇ ಹೇಳಲಿ, ಕೊನೆಯ ಮಾತು ನನ್ನದಾಗಿರಬೇಕು. ಮನೆಯಲ್ಲೂ ಹಾಗೇ, ಬೇಕಾದರೆ ನನ್ನ ಗಂಡನನ್ನು ಕೇಳಿ.

ಎಂಟೂ ಮೇಜಿಗೆ ಹಾಕಿದೆ. ಎಂಟೂ ವೈರು ಕಿತ್ತು ಚುಚ್ಚಿಸಿದೆ. "ಈಗ ಒತ್ತಿ!" ಎಂದೆ, ಬಾವುಟ ಬೀಸುವವಳ ಗತ್ತಿನಲ್ಲಿ.

"ಸ್ಕ್ಯಾನರಿಲ್ಲ" ಎಂದರು ಪೋಸ್ಟ್ ಮಾಸ್ಟರು. "ಇಲ್ಲ" ಎಂದರು ಎರಡನೆಯವರು. ಎಂಟೂ ಕಡೆಯಿಂದ ಇಲ್ಲ, ಇಲ್ಲ, ಇಲ್ಲ. ಅಲ್ಲಿಯವರೆಗೆ ಕುಂಟುತ್ತಾ ಓಡುತ್ತಿದ್ದವೂ ಈಗ ವೈರು ಕಿತ್ತದ್ದರಿಂದ ಸತ್ತು ಮಲಗಿದವು. ಗೋಡೆಯ ಗಡಿಯಾರದಲ್ಲಿ ಹನ್ನೆರಡು. ಆಗಿದ್ದದ್ದು ಬರೀ ಮುನ್ನೂರು.

ನಾನು ಕೀಬೋರ್ಡನ್ನು ಕುಕ್ಕಿದೆ. ಹಾಳಾದ್ದು, ಮುಂಡೇದು, ಎಂದು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಶಾಲೆಯನ್ನು ಬೈದೆ, ಸ್ಕ್ಯಾನರು ಮಾಡಿದವರನ್ನು ಬೈದೆ, ಮೊಬೈಲು ಕಿತ್ತುಕೊಂಡ ಗುಮಾಸ್ತನನ್ನು ಅವನ ಎದುರಿಗೇ ಬೈದೆ. ಮೊಬೈಲೊಂದು ಇದ್ದಿದ್ದರೆ ಹುಡುಕಿ ಓದಬಹುದಿತ್ತಲ್ಲ! "ಕುಣೀಲಾರದವಳಿಗೆ ನೆಲ ಡೊಂಕು" ಎಂದು ಪೋಸ್ಟ್ ಮಾಸ್ಟರು ಗೊಣಗಿದ್ದು ಕೇಳಿಸಿತು. ತಿರುಗಿ ಅವರಿಗೂ ಎರಡು ಬಿಡುವವಳಿದ್ದೆ. ಆಗ ಎಂಟನೆಯ ಮೇಜು ಕಣ್ಣಿಗೆ ಬಿತ್ತು. ಟೈಲರಕ್ಕ ರಿಜಿಸ್ಟರನ್ನು ಗಾಜಿನ ಮೇಲೆ ಕವುಚಿ, ಕಿವಿ ಮಡಚಿದ ಹಾಳೆ ನೆಟ್ಟಗೆ ಮಾಡಿ, ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಬೇಸರವಿಲ್ಲ, ದೂರಿಲ್ಲ. ಇಪ್ಪತ್ತಾರು ವರ್ಷ ಕಾದವರಿಗೆ ಇದು ಯಾವ ಲೆಕ್ಕ? ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮೂಗು ಸೀಟಿಕೊಂಡು ವಾಪಸು ಕುಳಿತೆ.

ಹೊರಗೆ ಹುಡುಕಲಾಗದಿದ್ದರೆ ಒಳಗೇ ಹುಡುಕಬೇಕು. ಲಿನಕ್ಸಿನಲ್ಲಿ ಒಂದು ಒಳ್ಳೆಯ ಗುಣವಿದೆ, ಏನನ್ನೂ ಬಚ್ಚಿಡುವುದಿಲ್ಲ. ತಾನು ಅನುಸರಿಸುವ ನಿಯಮಗಳನ್ನೆಲ್ಲ ಒಂದು ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತದೆ. ತೆರೆದು ಓದುತ್ತಾ ಹೋದೆ. ಐವತ್ತು, ಅರವತ್ತು, ಎಪ್ಪತ್ತು. ಎಪ್ಪತ್ತಮೂರಕ್ಕೆ ಬಂದಾಗ ಕಣ್ಣು ನಿಂತಿತು. ಎದುರು ಕೂತವರಿಗೆ ಬಿಟ್ಟುಕೊಡುವ ಕೆಲಸ ನಡೆಯುವುದೇ ಅಲ್ಲಿ! ಎಪ್ಪತ್ತಮೂರರ ಹೊತ್ತಿಗೆ ಯಾರ ಚೀಟಿ ಬಂದಿದೆಯೋ ಅವರಿಗೆ ಬಾಗಿಲು ತೆರೆದು, ಮುಂದಕ್ಕೆ ಹೋಗಿಬಿಡುತ್ತದೆ. ನನ್ನ ಚೀಟಿ ಬರುತ್ತಿದ್ದದ್ದು ತೊಂಬತ್ತೊಂಬತ್ತಕ್ಕೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!

"ಸಾರ್!" ಎಂದು ಕಿರುಚಿದೆ. "ನಾನು ತಡವಾಗಿ ಹೇಳ್ತಿದ್ದೆ ಸಾರ್! ಹೇಳಿದ್ದು ಸರೀನೇ ಇತ್ತು, ಹೇಳಿದ ಹೊತ್ತು ತಪ್ಪು!"

"ಹನ್ನೊಂದಕ್ಕೆ ಟಪಾಲು ಚೀಲ ಹೊರಟ ಮೇಲೆ ಹನ್ನೊಂದು ಹತ್ತಕ್ಕೆ ಕಾಗದ ತಂದಂಗೆ" ಎಂದರು ಪೋಸ್ಟ್ ಮಾಸ್ಟರು. "ಎಷ್ಟು ಅರ್ಜೆಂಟ್ ಅಂತ ಬರೆದ್ರೇನು, ಅದು ನಾಳೆಗೇ."

ನಾನು ಎದ್ದು ಆ ಮುದುಕರ ಕೈ ಕುಲುಕಿದೆ. ಸ್ಕ್ರಿಪ್ಟಿನಲ್ಲಿ ತೊಂಬತ್ತೊಂಬತ್ತನ್ನು ಅಳಿಸಿ ಅರವತ್ತು ಎಂದು ಬರೆದೆ. ಅಷ್ಟೇ ಬದಲಾವಣೆ. ಎಂಟು ಮೇಜು ಸುತ್ತಿ ಬಂದೆ. ವೈರು ಕಿತ್ತು ಚುಚ್ಚಿ ಎಂದೆ. ಈ ಸಲ ಬಾವುಟ ಬೀಸುವ ಗತ್ತು ಇರಲಿಲ್ಲ.

ಒಂದನೆಯದು ಗೊರ್ ಎಂದಿತು. ಎರಡನೆಯದೂ ಎಂದಿತು. ಐದನೆಯದು ಸ್ವಲ್ಪ ಕೆಮ್ಮಿ ಗೊರ್ ಎಂದಿತು. ನಾನು ಐದನೆಯದರ ವೈರನ್ನು ಎಲ್ಲರ ಎದುರಿಗೇ ಕಿತ್ತೆ. ಹೋ ಎಂದು ಬೊಬ್ಬೆ ಎದ್ದಿತು. ವಾಪಸು ಚುಚ್ಚಿ, ಎರಡೂ ಕೈ ಮೇಲೆತ್ತಿ ದೂರ ನಿಂತೆ. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಗೊರ್! ಚಪ್ಪಾಳೆ ಹೊಡೆದವರಲ್ಲಿ ಗುಮಾಸ್ತನೂ ಇದ್ದ, ಆಮೇಲೆ ನೆನಪಾಗಿ ಕೈ ಕಟ್ಟಿಕೊಂಡ.

ಆದರೆ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು. ಉಳಿದಿದ್ದದ್ದು ಸಾವಿರದ ಒಂಬೈನೂರು. ಒಂದು ನಿಮಿಷವೂ ನಿಲ್ಲಿಸದೆ ಓಡಿಸಿದರೂ ನಾಲ್ಕರೊಳಗೆ ನೂರನಲವತ್ತು ಬಾಕಿಯಾಗುತ್ತದೆ. ಬಾಕಿಯಾಗುವುದು ಕೊನೆಗೆ ಬರುವ ಪುಸ್ತಕವೇ ತಾನೆ? ಕೊನೆಗೆ ಬರುವುದು ಅಂಟಿದ ಪುಸ್ತಕ. ಲೆಕ್ಕ ಹೇಳುವಾಗ ನಾನು ಟೈಲರಕ್ಕನ ಕಡೆ ನೋಡಲಿಲ್ಲ.

"ಪ್ರತಿ ಪುಸ್ತಕದ ಹಿಂದೆ ಎಂಟು ಹತ್ತು ಖಾಲಿ ಹಾಳೆ ಇರುತ್ತೆ. ಅದನ್ನೂ ಮಾಡ್ತಿದೀರಾ?" ಎಂದು ಕೇಳಿದಳು ದೊಡ್ಡಮ್ಮ.

"ಎಲ್ಲ ಹಾಳೆ ಅಂತ ಅಪ್ಪಣೆಯಲ್ಲಿ ಬರೆದಿದೆ ಮೇಡಂ" ಎಂದ ಗುಮಾಸ್ತ.

"ಖಾಲಿ ಹಾಳೇಲಿ ಯಾರಪ್ಪಾ ಹುಟ್ಟಿದಾರೆ?"

ಗುಮಾಸ್ತ ಅಪ್ಪಣೆಯ ಕಾಗದ ಮಡಚಿ ಜೇಬಿಗಿಟ್ಟ. ನೂರೆಪ್ಪತ್ತು ಹಾಳೆಯ ಕೆಲಸ ತಪ್ಪಿತು!

ಆಮೇಲಿನ ಮೂರು ಗಂಟೆ ನಾನು ಬದುಕಿನಲ್ಲಿ ಮರೆಯುವಂಥದ್ದಲ್ಲ. ಯಾರೂ ಊಟಕ್ಕೆ ಏಳಲಿಲ್ಲ. ಚಹಾ ಬಂತು, ಎಡಗೈಯಲ್ಲಿ ಕುಡಿದರು, ಬಲಗೈ ಹಾಳೆ ತಿರುವುತ್ತಲೇ ಇತ್ತು. ಪೋಸ್ಟ್ ಮಾಸ್ಟರು ಠಸ್ಸೆ ಒತ್ತುವ ಲಯಕ್ಕೆ ಬಿದ್ದರು: ತಿರುವು, ಕವುಚು, ಒತ್ತು, ತಿರುವು, ಕವುಚು, ಒತ್ತು. ಸ್ಕ್ಯಾನರುಗಳು ನಡುವೆ ಮಲಗಿದವು, ಎದ್ದವು, ಹೊಸ ಟೋಕನ್ ತೆಗೆದುಕೊಂಡವು, ಯಾರಿಗೂ ಗೊತ್ತೇ ಆಗಲಿಲ್ಲ. ನನಗೆ ಮಾಡಲು ಕೆಲಸವೇ ಇಲ್ಲ! ಅಂಥ ಖುಷಿ ನಾನು ಕಂಡಿಲ್ಲ. ಪರದೆಗಳ ಮೇಲೆ ಒಂದೊಂದಾಗಿ ಸಣ್ಣ ಕಾಲುಗಳು ಇಳಿದು ಬರುತ್ತಿದ್ದವು, ಸಾವಿರಾರು. "ಅಯ್ಯೋ, ಇದು ನಮ್ಮ ಭಾವನ ಕಾಲು!" ಎಂದು ನಾಲ್ಕನೆಯ ಮೇಜಿನವರು ಕೂಗಿದರು. "ಈಗ ಇದರ ನಾಲ್ಕರಷ್ಟು ದೊಡ್ಡ ಬೂಟು ಹಾಕ್ತಾನೆ."

ಮೂರು ನಲವತ್ತಕ್ಕೆ ಕೆಳಗೆ ವ್ಯಾನಿನ ಸದ್ದಾಯಿತು. ಇಪ್ಪತ್ತು ನಿಮಿಷ ಮುಂಚೆ! ದೊಡ್ಡಮ್ಮನ ಚಾಕುವಿನ ಕೆಳಗೆ ಇನ್ನೂ ಐದಾರು ಹಾಳೆ ಅಂಟಿದ್ದವು. "ನೀನು ಹೋಗಿ ಅವನನ್ನ ಮಾತಲ್ಲಿ ಹಿಡಿದಿಟ್ಕೋ" ಎಂದಳು. "ನಿಂಗೆ ಅದೊಂದು ಚೆನ್ನಾಗಿ ಬರುತ್ತೆ."

ಮೆಟ್ಟಿಲಿಳಿದು ಓಡಿದೆ. ಚಾಲಕ ಆಗಲೇ ವ್ಯಾನಿನ ಹಿಂಬಾಗಿಲು ತೆರೆದಿದ್ದ.

"ಕಾರ್ಖಾನೆ ಗೇಟ್ ಹಾಕ್ಬಿಡ್ತಾರಮ್ಮ, ಬೇಗ ತುಂಬ್ಸಿ."

"ನಾಲ್ಕು ಅಂದ್ರೆ ನಾಲ್ಕಪ್ಪ. ಕಾಗದದಲ್ಲಿ ನಾಲ್ಕು ಅಂತಿದೆ. ನಿಮ್ಮ ಮದುವೆಗೆ ಮುಹೂರ್ತಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಹೋಗಿ ತಾಳಿ ಕಟ್ಟಿದ್ರಾ?"

"ನಂಗೆ ಮದುವೇನೇ ಆಗಿಲ್ಲ."

"ಅದಕ್ಕೇ ಹೊತ್ತಿನ ಬೆಲೆ ಗೊತ್ತಿಲ್ಲ."

ಅವನು ನಕ್ಕ, ನಾನು ಹಿಡಿದಿಟ್ಟೆ. ಅವನ ಊರು, ವ್ಯಾನಿನ ಟೈರು, ಕಾರ್ಖಾನೆಯ ಮ್ಯಾನೇಜರಿನ ಸಿಡುಕು, ಎಲ್ಲ ವಿಚಾರಿಸಿದೆ. ಮೂರು ಐವತ್ತೈದಕ್ಕೆ ಮೇಲಿನಿಂದ ಪೋಸ್ಟ್ ಮಾಸ್ಟರ ಗಂಟಲು ಕೇಳಿಸಿತು: "ಏಯ್, ಎಳೀಬೇಡ್ರೀ! ಅದನ್ನ ಎಳೀಬೇಡಿ!"

ಎರಡೆರಡು ಮೆಟ್ಟಿಲು ಹಾರಿ ಓಡಿದೆ. ಆದದ್ದೇನೆಂದರೆ, ಕೆಲಸ ಮುಗಿದ ಮೇಜುಗಳ ವೈರನ್ನು ಗುಮಾಸ್ತ ಕಿತ್ತು ಸುತ್ತಿಡುತ್ತಾ ಬಂದಿದ್ದ. ಹಾಗೇ ಎಂಟನೆಯದನ್ನೂ ಕಿತ್ತಿದ್ದ, ಸ್ಕ್ಯಾನರಿನ ಮೇಲೆ ಆ ಪುಸ್ತಕ ಕವುಚಿದ್ದಾಗಲೇ. ಪಾಸ್‌ವರ್ಡ್ ಇದ್ದದ್ದು ನನ್ನ ತಲೆಯಲ್ಲಿ, ನಾನಿದ್ದದ್ದು ಕೆಳಗೆ. ಒಂದೇ ಉಸಿರಿಗೆ ಬಾಗಿಲಿಗೆ ಬಂದೆ.

ಗೊರ್ ಎನ್ನುವ ಸದ್ದು ಕೇಳಿಸಿತು.

"ಯಾರು ಸರಿ ಮಾಡಿದ್ದು?" ಎಂದು ಏದುಸಿರು ಬಿಡುತ್ತಾ ಕೇಳಿದೆ.

"ಸರಿ ಮಾಡೋದೇನು?" ಎಂದರು ಟೈಲರಕ್ಕ. "ಅವರು ಕಿತ್ರು. ನಾನು ಚುಚ್ಚಿದೆ. ಬಂತು."

ನನ್ನನ್ನು ಕೇಳದೆಯೇ ಬಂತು! ನನ್ನ ಒಂದು ಸಾಲಿನ ಅಪ್ಪಣೆ, ನಾನಿಲ್ಲದ ಹೊತ್ತಿನಲ್ಲಿ ತನ್ನ ಕೆಲಸ ತಾನು ಮಾಡಿತ್ತು. ಕುಣಿಯಬೇಕೆನಿಸಿತು, ಕುಣಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಎಲ್ಲರೂ ಎಂಟನೆಯ ಮೇಜಿನ ಸುತ್ತ ನೆರೆದಿದ್ದರು.

ಪುಸ್ತಕದಲ್ಲಿ ನೋಡಿದರೆ ಆ ಹಾಳೆಯ ಮೇಲೆ ಏನೂ ಇರಲಿಲ್ಲ, ಚಹಾ ಚೆಲ್ಲಿದಂಥ ಒಂದು ಕಲೆಯಷ್ಟೇ. ನೀರು ಶಾಯಿಯನ್ನು ತಿಂದುಬಿಟ್ಟಿತ್ತು. ಪಕ್ಕದಲ್ಲಿ ದೊಡ್ಡಮ್ಮನ ಅಕ್ಷರ ಮಸುಕಾಗಿ ಕಾಣುತ್ತಿತ್ತು: ಟೈಲರಕ್ಕನ ಹೆಸರು, ಬೆಳಗಿನ ಜಾವ ಐದು ಹತ್ತು, ಹೆಣ್ಣು. ಪರದೆಯ ಮೇಲೂ ಮೊದಲು ಕಲೆಯೇ ಬಂತು. ಟೈಲರಕ್ಕ ಅದನ್ನೇ ನೋಡುತ್ತಾ ನಿಂತಿದ್ದರು, ಅವರ ಮುಖ ನನಗೆ ನೋಡಲಾಗಲಿಲ್ಲ. "ತಡೀರಿ, ತಡೀರಿ" ಎಂದು ನಾನು ಮೌಸು ಹಿಡಿದೆ. ಹಳದಿಯನ್ನು ಇಳಿಸಿದೆ, ಕಪ್ಪನ್ನು ಏರಿಸಿದೆ. ಇನ್ನೂ ಏರಿಸಿದೆ. ಮೊದಲು ಹಿಮ್ಮಡಿ ಬಂತು. ಆಮೇಲೆ ಪಾದದ ಹೊರ ಅಂಚು. ಕೊನೆಗೆ ಬೆರಳುಗಳು, ಒಂದು, ಎರಡು, ಮೂರು, ನಾಲ್ಕು, ಐದು. ನನ್ನ ಎರಡು ಬೆರಳಿನಷ್ಟೂ ಅಗಲವಿಲ್ಲದ ಒಂದು ಕಾಲು, ಗೆರೆ ಗೆರೆಯಾಗಿ.

ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಸಿಸ್ಟರ್, ನೀವೇ ಎತ್ಕೊಂಡಿದ್ರಿ ಅಲ್ವಾ ಅವತ್ತು. ನಿಮಗೆ ಮುಖ ನೆನಪಿದೆಯಾ?" ಎಂದು ಟೈಲರಕ್ಕ ಕೇಳಿದರು.

"ಇಲ್ಲ ಕಣಮ್ಮ" ಎಂದಳು ದೊಡ್ಡಮ್ಮ. "ಎಷ್ಟೋ ಮಕ್ಕಳು. ನಿನ್ನ ಹತ್ರ ಸುಳ್ಳು ಹೇಳಲಾರೆ."

ಟೈಲರಕ್ಕ ತಲೆಯಾಡಿಸಿದರು. ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗಾಗಿ, ಬಲಗಾಲಿನ ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಕಾಲಿಟ್ಟರು. ಅವರ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿ, ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗಿತ್ತು. ಪರದೆಯ ಮೇಲಿನ ಕಾಲಿನಲ್ಲೂ ಎರಡನೆಯ ಬೆರಳು ಉದ್ದ, ತುದಿಯಲ್ಲಿ ಒಳಕ್ಕೆ ಬಾಗಿತ್ತು.

"ನಂದೇ!" ಎಂದು ಕೂಗಿದರು ಟೈಲರಕ್ಕ. ಅವರಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ. "ನೋಡ್ರೀ, ನನ್ನ ಕಾಲೇ! ನನ್ನ ಥರಾನೇ ಇದಾಳೆ!"

ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಮೊದಲು ಆಡುವ ಮಾತು ಅದು, ಯಾರ ಹಾಗಿದೆ ಎಂದು. ಆ ಮಾತನ್ನು ಇವರಿಗೆ ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಆಡಿರಲಿಲ್ಲ. ಪೋಸ್ಟ್ ಮಾಸ್ಟರು ಕನ್ನಡಕ ಏರಿಸಿ, ಒಮ್ಮೆ ಕುರ್ಚಿಯ ಕಡೆ, ಒಮ್ಮೆ ಪರದೆಯ ಕಡೆ ಬಗ್ಗಿ ನೋಡಿ, "ಸಂಶಯವೇ ಇಲ್ಲ" ಎಂದು ತೀರ್ಪು ಕೊಟ್ಟರು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಾನು ಒರೆಸಿಕೊಳ್ಳಲೂ ಇಲ್ಲ.

ದೊಡ್ಡಮ್ಮ ಚಾಕು ಕೆಳಗಿಟ್ಟು ಎದ್ದಳು. ಹೆರಿಗೆ ಕೋಣೆಯಿಂದ ಹೊರಬಂದು ಕಾದು ನಿಂತ ಮನೆಯವರಿಗೆ ಸುದ್ದಿ ಹೇಳುವ ನರ್ಸಿನ ಗಂಟಲು ಅವಳಿಗೆ ಇನ್ನೂ ಹೋಗಿರಲಿಲ್ಲ.

"ಹೆಣ್ಣು ಮಗು!" ಎಂದಳು, ಇಡೀ ವಾರ್ಡಿಗೆ ಕೇಳುವಂತೆ. "ಬೆಳಗಿನ ಜಾವ ಐದು ಹತ್ತಕ್ಕೆ. ತಾಯಿಯ ಪಡಿಯಚ್ಚು!"

ಟೈಲರಕ್ಕ ನಗುತ್ತಿದ್ದರು, ಅಳುತ್ತಿದ್ದರು, ಕಾಲನ್ನು ಮಾತ್ರ ಕುರ್ಚಿಯಿಂದ ಇಳಿಸಿರಲಿಲ್ಲ.

"ಇನ್ನೊಂದ್ಸಲ ಹೇಳಿ ಸಿಸ್ಟರ್" ಎಂದರು.

ಕೆಳಗೆ ವ್ಯಾನಿನವನು ಹಾರ್ನ್ ಒತ್ತುತ್ತಲೇ ಇದ್ದ. ದೊಡ್ಡಮ್ಮ ಇನ್ನೊಂದು ಸಲ ಹೇಳಿದಳು.